ಸಾಬಮ್ಮನ ಇರುವೆ ಗಂಟು

ಸಾಬಮ್ಮನ ಅಂಗೈಯಲ್ಲಿ ಗೆರೆಗಳಿರಲಿಲ್ಲ. ಉಳ್ಳಾಗಡ್ಡಿ ಸಿಪ್ಪೆಯಂತೆ ಚರ್ಮ ಸುಲಿದು ಸುಲಿದು, ಎರಡೂ ಕೈ ಪಾಲಿಶ್ ಮಾಡಿ ನೆಲಕ್ಕೆ ಹಾಸುವ ಪರಸಿ ಕಲ್ಲಿನಂತೆ ನುಣ್ಣಗಾಗಿದ್ದವು. ಒಮ್ಮೆ ವಾಡಿ ಸ್ಟೇಷನ್ನಿನ ಹೊರಗೆ ಕೈ ನೋಡಿ ಭವಿಷ್ಯ ಹೇಳುವವನ ಮುಂದೆ ಆಕೆಯನ್ನು ನಾನೇ ಕೂರಿಸಿದ್ದೆ. ಅವನು ಬಲಗೈ ನೋಡಿದ, ಎಡಗೈ ನೋಡಿದ, ಬಿಸಿಲಿಗೆ ಹಿಡಿದು ನೋಡಿದ.

"ಯವ್ವಾ, ನಿನ್ನ ಕೈಯಾಗ ಏನೂ ಇಲ್ಲ," ಅಂದ.

"ಅದು ನನಗೂ ಗೊತ್ತದ. ಮುಂದ ಹೇಳು."

ಅವನು ಆಕೆಯ ಕೈ ಬಿಟ್ಟ. ದಕ್ಷಿಣೆ ಮಾತ್ರ ಕೇಳಿದ. "ಏನೂ ಇಲ್ಲಂತ ಹೇಳಾಕೂ ರೊಕ್ಕ ಕೊಡಬೇಕೇನು? ಇದನ್ನ ನನ್ನ ಮೈದುನ ದಿನಾ ಪುಕ್ಕಟೆ ಹೇಳ್ತಾನ," ಎಂದು ಸೀರೆ ಝಾಡಿಸಿ ಎದ್ದಳು. ಅವನ ಹಿಂದೆ ನಿಂತಿದ್ದವರೆಲ್ಲ ನಕ್ಕರು. ಸಾಬಮ್ಮ ನಗಲಿಲ್ಲ. ಆಕೆ ನಗಿಸುತ್ತಿದ್ದಳು, ನಗುತ್ತಿರಲಿಲ್ಲ.

ಗೆರೆ ಹೋದದ್ದು ಇರುವೆಯಿಂದ. ಎಲೆಗಳನ್ನು ಕೂಡಿಸಿ ಹೊಲಿದು ಮರದಲ್ಲಿ ಗೂಡು ಕಟ್ಟುತ್ತವಲ್ಲ, ಆ ಕೆಂಪಿರುವೆ. ಅವನ್ನು ಗೂಡು ಸಮೇತ ಕಿತ್ತು, ಹಳೆಯ ಅರಿವೆಯಲ್ಲಿ ಸುತ್ತಿ, ಕೈಯಿಂದ ಹಿಸುಕಿ, ಆ ಅರಿವೆಯಿಂದ ಆಡುಗಳ ಮೈ ತಿಕ್ಕುತ್ತಿದ್ದಳು. ಆಡಿಗೆ ಹತ್ತಿದ ಉಣ್ಣಿ ಬಿಡಲಿ ಎಂದು. ಹತ್ತಿರ ಹೋದರೆ ಸಾಬಮ್ಮನ ಮೈಗೆ ಒಂದು ಹುಳಿ ವಾಸನೆ. ಹುಣಸೆಹಣ್ಣಿನ ಹುಳಿಯಲ್ಲ, ಮೊಸರಿನ ಹುಳಿಯೂ ಅಲ್ಲ, ಮೂಗಿನೊಳಗೆ ಸೂಜಿ ಚುಚ್ಚಿದಂತೆ ಏರುವ ಹುಳಿ. ಹಬ್ಬದ ದಿನ ಎರಡು ಸಲ ಜಳಕ ಮಾಡಿದರೂ ಹೋಗುತ್ತಿರಲಿಲ್ಲ.

ನಮ್ಮೂರು ವಾಡಿಯಿಂದ ಚಿತ್ತಾಪುರದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ. ಸುತ್ತಲೂ ಕಲ್ಲಿನ ಖಣಿ. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆನೀರು ನಿಂತು ಹಸಿರಾಗಿರುತ್ತದೆ, ಅದನ್ನೇ ಆಡುಗಳು ಕುಡಿಯುತ್ತವೆ. ಸಾಬಮ್ಮನ ಮನೆ ನಮ್ಮ ಮನೆಗೆ ಬಾಜು. ನಡುವೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿದ ಗೋಡೆ, ಎದೆಯೆತ್ತರ. ಆಕೆ ಸೀನಿದರೆ ನನಗೆ ಕೇಳುತ್ತಿತ್ತು, ನನ್ನ ಮಗಳನ್ನು ನಾನು ಬೈದರೆ ಆಕೆಗೆ ಕೇಳುತ್ತಿತ್ತು. ಆಕೆ ಬೇಗ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ಹದಿನಾಲ್ಕು ಆಡು. ಆಡುಗಳಿಗೆ ಗಂಡನ ಮನೆಯವರ ಹೆಸರು ಇಟ್ಟಿದ್ದಳು. ಅತ್ತೆ, ನಾದಿನಿ, ದೊಡ್ಡಮಾವ, ಎಲ್ಲರೂ ಕೊಟ್ಟಿಗೆಯಲ್ಲಿದ್ದರು. ಗಡ್ಡದ ಹೋತನಿಗೆ ಮೈದುನ ನಿಂಗಣ್ಣನ ಹೆಸರು. ದಿನಾ ಸಂಜೆ ಓಣಿಯಲ್ಲಿ ನಿಂತು, "ಏ ನಿಂಗ್ಯಾ, ಮಂದಿ ಮನಿ ಬಾಗಲಾಗ ಯಾಕ ಮೂತಿ ಹಾಕ್ತಿ, ಹೊಟ್ಟಿಬಾಕ!" ಎಂದು ಕೂಗುತ್ತಿದ್ದಳು. ಎದುರು ಕಟ್ಟೆಯ ಮೇಲೆ ನಿಜವಾದ ನಿಂಗಣ್ಣ ಬೀಡಿ ಸೇದುತ್ತ ಕೂತಿರುತ್ತಿದ್ದ.

ಸಾಬಮ್ಮ ಒಳ್ಳೆಯವಳು ಎಂದು ಬರೆದರೆ ಸುಳ್ಳಾಗುತ್ತದೆ. ಒಯ್ದ ಜರಡಿ ತಿರುಗಿ ಕೊಡುತ್ತಿರಲಿಲ್ಲ. ತಂಬಾಕು ಉಗುಳಿ ಗೋಡೆ ಕೆಡಿಸುತ್ತಿದ್ದಳು. ನನ್ನ ಗಂಡ ತೀರಿಕೊಂಡಾಗ ಊರ ಹೆಂಗಸರೆಲ್ಲ ಬಂದು ನನ್ನ ಸುತ್ತ ಕೂತು ಅತ್ತರು. ಸಾಬಮ್ಮ ಮೂರನೆಯ ದಿನ ಬಂದಳು, ಬಾಗಿಲಲ್ಲೇ ನಿಂತಳು. "ಶರಣಿ, ಅತ್ತಿದ್ದು ಸಾಕು. ನಿನ್ನ ಆಡು ಮೂರು ದಿನದಿಂದ ಹಸಿದು ನಿಂತಾವ. ಅವಕ್ಕೇನು ಗಂಡ ಸತ್ತಿಲ್ಲ," ಅಂದಳು. ನನಗೆ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಆದರೆ ಎದ್ದೆ. ಎದ್ದು ಆಡು ಬಿಟ್ಟುಕೊಂಡು ಆಕೆಯ ಹಿಂದೆ ಹೋದೆ. ಅವತ್ತಿನಿಂದ ಎಂಟು ವರ್ಷ ಕೂಡಿಯೇ ಆಡು ಕಾಯ್ದೆವು. ಆಕೆಯನ್ನು ನನ್ನಷ್ಟು ಬಲ್ಲವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆಕೆಗೆ ನೋಡುವ ಚಟ. ನಾವೆಲ್ಲ ಆಡು ಬಿಟ್ಟು ನೆರಳಲ್ಲಿ ಅಡ್ಡಾದರೆ ಸಾಬಮ್ಮ ಕುಕ್ಕರುಗಾಲಿನಲ್ಲಿ ಕೂತು ಏನನ್ನಾದರೂ ನೋಡುತ್ತಿದ್ದಳು. ಏನು ನೋಡುತ್ತೀ ಎಂದು ಕೇಳಿದರೆ, "ಕಣ್ಣಿದ್ರ ನೀನೂ ನೋಡು, ಇಲ್ಲಂದ್ರ ಬಾಜು ಸರಿ, ಬೆಳಕಿಗಿ ಅಡ್ಡ ಬರಬ್ಯಾಡ," ಅನ್ನುತ್ತಿದ್ದಳು. ಈ ಮಾತನ್ನು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಹೇಳುತ್ತಿದ್ದಳು. ಮನೆ ಮನೆ ಎಣಿಸಲು ಬಂದ ಮಾಸ್ತರನಿಗೂ ಹೇಳಿದ್ದಳು.

ಒಂದು ಬೇಸಿಗೆ ಮಧ್ಯಾಹ್ನ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಹಳೆಯ ಖಣಿಯ ದಂಡೆಗೆ ಒಂದು ಮಾವಿನಮರವಿತ್ತು, ಅದರ ತುಂಬ ಕೆಂಪಿರುವೆಯ ಗೂಡು. ಮರದ ಬುಡಕ್ಕೆ ಮುರಿದು ಬಿದ್ದ ಒಂದು ಗೂಡಿನ ಮೇಲೆ ಕಾಗೆಯೊಂದು ಮೈ ಚೆಲ್ಲಿ ಬಿದ್ದಿತ್ತು. ಎರಡೂ ರೆಕ್ಕೆ ಹರಡಿದೆ, ಬಾಲ ನೆಲಕ್ಕೆ ಹಚ್ಚಿದೆ, ಕೊಕ್ಕು ತೆರೆದಿದೆ. ಇರುವೆಗಳು ರೆಕ್ಕೆಯೊಳಗೆ ನುಗ್ಗುತ್ತಿವೆ.

"ಅಕ್ಕಾ, ಅದು ಸಾಯಾಕತ್ತದ," ಅಂದೆ.

"ಬಾಯಿ ಮುಚ್ಚು. ಜಳಕ ಮಾಡಾಕತ್ತದ."

"ಇರುವೀಲೇ ಜಳಕೇನು?"

"ಹೂಂ. ಅದರ ರೆಕ್ಕ್ಯಾಗ ಹೇನ ಅದಾವ. ಇರುವಿ ಸಿಟ್ಟಿಗೆದ್ದು ಹುಳಿ ಉಗುಳ್ತದ. ಆ ಹುಳಿಗಿ ಹೇನ ಓಡ್ತಾವ. ನಾನೂ ಮೊದಲ ದಿನ ನಿನ್ನಂಗ ಸಾಯ್ತದಂತ ಕುಂತಿದ್ದೆ. ಎದ್ದು ಮೈ ಝಾಡಿಸಿ ಹಾರಿ ಹೋತು."

"ನಿನಗ್ಯಾರು ಹೇಳಿದ್ರು ಇದನ್ನ?"

"ಕಾಗಿ."

ಅಷ್ಟರಲ್ಲಿ ಒಂದು ಗೊರವಂಕ ಬಂತು. ಅದಕ್ಕೆ ಕಾಗೆಯ ಧೈರ್ಯವಿಲ್ಲ. ಒಂದೊಂದೇ ಇರುವೆಯನ್ನು ಕೊಕ್ಕಿನಲ್ಲಿ ಹಿಡಿದು, ರೆಕ್ಕೆ ಎತ್ತಿ, ನಾವು ಬಗಲಿಗೆ ಸಾಬೂನು ಹಚ್ಚಿಕೊಳ್ಳುವ ಹಾಗೆ ಒಳಗೆ ಎಳೆದುಕೊಂಡು, ಎಸೆದು, ಮತ್ತೊಂದನ್ನು ಹಿಡಿಯಿತು. ನನ್ನ ಕಣ್ಣಾರೆ ಕಂಡೆ. ಕಾಗೆ ಎದ್ದು ಮೈ ಝಾಡಿಸಿ ಹಾರಿದ್ದನ್ನೂ ಕಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಾಬಮ್ಮ ನನ್ನನ್ನೇ ನೋಡಿದಳು. "ನಗು. ನಾಳೆ ನಿನ್ನ ಆಡಿನ ಕಿವಿ ಉಣ್ಣಿ ತಿಂದು ಹರದಾಗ ಅಳಾಕ ನನ್ನ ಬಲ್ಲಿ ಬರ್ತಿ," ಅಂದಳು.

ಕಾಗೆ ಮಾಡಿದ್ದನ್ನು ಆಡಿಗೆ ಹೇಗೆ ಮಾಡುವುದು ಎಂದು ಆಕೆ ಎರಡು ವರ್ಷ ಹೆಣಗಿದಳು. ಮೊದಲು ದೊಡ್ಡ ಕರಿ ಇರುವೆ ತಂದಳು. ಅವು ಆಡನ್ನೂ ಕಚ್ಚಿದವು, ಆಕೆಯನ್ನೂ ಕಚ್ಚಿದವು, ಉಣ್ಣಿಗೆ ಏನೂ ಆಗಲಿಲ್ಲ. ಆಮೇಲೆ ಕೆಂಪಿರುವೆಯನ್ನು ನೀರಲ್ಲಿ ಕಲಸಿದಳು. ನೀರಿಗೆ ಹುಳಿ ತೆಳುವಾಯಿತು. ಒಮ್ಮೆ ತನ್ನ ತಲೆಯ ಹೇನಿಗೇ ಹಚ್ಚಿಕೊಂಡು ಕಣ್ಣು ಬಾತು ಎರಡು ದಿನ ಕುರುಡಿಯಂತೆ ಕೂತಳು. ನಾನೇ ರೊಟ್ಟಿ ಒಯ್ದು ಕೊಟ್ಟೆ. ಕಣ್ಣು ಬಿಟ್ಟವಳೇ ಮತ್ತೆ ಕಾಗೆ ನೋಡಿ ಬಂದಳು. "ಕಾಗಿಗಿ ಕಣ್ಣಿನ ಮ್ಯಾಲ ಒಂದು ಪರದಾ ಬರ್ತದ. ಅದನ್ನ ನಾ ನೋಡೇ ಇದ್ದಿಲ್ಲ," ಅಂದಳು. ನೋವಿಗಿಂತ ಅದನ್ನು ನೋಡದೇ ಬಿಟ್ಟದ್ದು ಆಕೆಗೆ ಹೆಚ್ಚು ಬೇಜಾರು.

ಕೊನೆಗೆ ಅರಿವೆಯ ಉಪಾಯ ಕೈಗೆ ಹತ್ತಿತು. ಹಿಸುಕಿದ ಅರಿವೆಯಿಂದ ಆಡಿನ ಕಿವಿಯ ಒಳಗೆ, ಬಾಲದ ಬುಡಕ್ಕೆ, ತೊಡೆಯ ಸಂದಿಗೆ ತಿಕ್ಕಬೇಕು. ತಿಕ್ಕಿದ ಮೇಲೆ ಅದನ್ನು ಬಿಸಾಡುವುದಲ್ಲ. ಇರುವೆ ಸಮೇತ ಗಂಟು ಕಟ್ಟಿ, ಆಡಿನ ಕೂದಲಿನಿಂದ ಹೊಸೆದ ಹುರಿಯಿಂದ ಬಿಗಿದು, ಕೊಟ್ಟಿಗೆಯ ಜಂತಿಗೆ ತೂಗುಹಾಕಬೇಕು. ಉಣ್ಣಿ ಹಗಲು ಗೋಡೆಯ ಸಂದಿಯಲ್ಲಿ ಅಡಗಿರುತ್ತದೆ. ಆ ವಾಸನೆ ಇರುವ ತನಕ ಹೊರಗೆ ಬರುವುದಿಲ್ಲ ಎಂದು ಆಕೆಯ ಲೆಕ್ಕ. ಎಲ್ಲ ಉಣ್ಣಿಯೂ ಉದುರುತ್ತಿದ್ದವು ಎಂದು ನಾನು ಹೇಳಲಾರೆ. ಬಲಿತವು ಬಿಡುತ್ತಿರಲಿಲ್ಲ. ಸಣ್ಣವು ಬಿಡುತ್ತಿದ್ದವು, ಅಂಗಳದಲ್ಲಿ ಹರಿದಾಡುತ್ತಿದ್ದವು, ಕೋಳಿ ತಿನ್ನುತ್ತಿದ್ದವು. ನನ್ನ ಕೊಟ್ಟಿಗೆಯಲ್ಲೂ ಅಂಥ ಗಂಟು ತೂಗುತ್ತಿತ್ತು. ಸಾಬಮ್ಮ ತನ್ನ ಕೈಯಾರೆ ಕಟ್ಟಿದ್ದಳು.

ಪಶುವೈದ್ಯರೊಬ್ಬರು ಊರಿಗೆ ಸೂಜಿ ಹಾಕಲು ಬಂದಾಗ ಆಕೆ ಇದನ್ನೆಲ್ಲ ಹೇಳಿದಳು. ಅವರು ನಕ್ಕು, ಉಣ್ಣಿಗೆ ಡಬ್ಬಿ ಔಷಧ ಬಂದಿದೆ ಎಂದರು. "ಬಂದದರಿ, ಇಲ್ಲನ್ನಲ್ಲ. ಆದ್ರ ಕಾಗಿ ಅದನ್ನ ತಗೊಳ್ಳಾಕ ನಿಮ್ಮ ದವಾಖಾನಿಗಿ ಬಂದಾಗ ನನಗ ಹೇಳಿ ಕಳಸ್ರಿ, ನೋಡಾಕ ಬರ್ತೀನಿ," ಅಂದಳು. ಅವರು ಇನ್ನೂ ನಕ್ಕರು. ಡಬ್ಬಿ ಕೊಟ್ಟು ಹೋದರು. ಡಬ್ಬಿ ಔಷಧವೂ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಮುಗಿದ ಮೇಲೆ ಮತ್ತೆ ಸಿಗಲಿಲ್ಲ, ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ಸಾಬಮ್ಮನ ಮೇಲೆ ನಗುತ್ತ ಬರೆದು ಮುಗಿಸಬಹುದಿತ್ತು.

ಮೈದುನ ನಿಂಗಣ್ಣನಿಗೆ ಹನ್ನೊಂದು ಆಡು. ಅವನ ಹೆಂಡತಿ ಒಂದು ದಿನ ಕದ್ದು ಬಂದು, "ಯಕ್ಕಾ, ನಮ್ಮ ಆಡಿಗಿ ಉಣ್ಣಿ ಭಾಳ ಆಗ್ಯಾವ, ಒಂದೀಟು ತಿಕ್ಕಿ ಕೊಡು, ನಮ್ಮನಿಯವರಿಗಿ ಹೇಳಬ್ಯಾಡ," ಎಂದು ಬೇಡಿಕೊಂಡಳು. ಗಂಡ ಊರಲ್ಲಿಲ್ಲದ ದಿನ ಸಾಬಮ್ಮ ಹೋಗಿ ಹನ್ನೊಂದಕ್ಕೂ ತಿಕ್ಕಿದಳು. ಜಂತಿಗೆ ಗಂಟು ಕಟ್ಟಿ ಬಂದಳು. ಎಂಟೊಂಬತ್ತು ದಿನಕ್ಕೆ ಆಡುಗಳಿಗೆ ಬೇನೆ ಬಂತು. ಬಾಯಿ ಹುಣ್ಣು, ಮೂಗು ಸೋರುವುದು, ನೀರಿನಂಥ ಭೇದಿ. ಒಂದು ವಾರದಲ್ಲಿ ಹನ್ನೊಂದೂ ಸತ್ತವು. ಆ ಬೇನೆಗೆ ರಾವೂರಿನ ಕಡೆಯೂ ಆಡು ಸತ್ತಿದ್ದವು, ಶಹಾಬಾದಿನ ಸಂತೆಯಲ್ಲಿ ಎಲ್ಲರೂ ಅದೇ ಮಾತಾಡುತ್ತಿದ್ದರು. ಆದರೆ ನಿಂಗಣ್ಣ ತಲೆ ಎತ್ತಿ ಜಂತಿ ನೋಡಿದ. ಗಂಟು ಕಂಡಿತು.

ಸೇಡಂ, ಚಿಂಚೋಳಿ, ಚಿತ್ತಾಪುರದ ಕಡೆಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ನಮ್ಮಲ್ಲಿ ಬಾನಾಮತಿ ಎಂಬ ಮಾಟದ ಅಂಜಿಕೆ ಇದೆ. ಯಾರದೋ ಕೂದಲು, ಏನೋ ಸತ್ತದ್ದು, ಅರಿವೆಯಲ್ಲಿ ಗಂಟು ಕಟ್ಟಿ ಮನೆಯಲ್ಲಿ ಬಚ್ಚಿಟ್ಟರೆ ದನ ಸಾಯುತ್ತವೆ, ಮನೆಯ ಮೇಲೆ ಕಲ್ಲು ಬೀಳುತ್ತವೆ, ಹೆಂಗಸರು ನಾಯಿಯಂತೆ ಬೊಗಳುತ್ತಾರೆ ಎಂದು ನಂಬಿಕೆ. ಮಾಡಿದವಳ ಮುಂದಿನ ಹಲ್ಲು ಮುರಿದರೆ ಮಂತ್ರ ಬಾಯಿಂದ ಸರಿಯಾಗಿ ಹೊರಡದೆ ಮಾಟ ಕೆಡುತ್ತದೆ ಎಂಬುದೂ ಒಂದು ನಂಬಿಕೆ. ನಿಂಗಣ್ಣ ಗಂಟು ಬಿಚ್ಚಿದ. ಒಳಗೆ ಸತ್ತ ಇರುವೆ, ಕಪ್ಪಗಾದ ಎಲೆ. ಮೇಲೆ ಕೂದಲಿನ ಹುರಿ.

ಆ ಮುಂಜಾನೆ ನನಗೆ ಸುದ್ದಿ ಮುಟ್ಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ನನ್ನ ಕೊಟ್ಟಿಗೆಯ ಗಂಟು ಬಿಚ್ಚಿ ತಂದು ಒಲೆಗೆ ಹಾಕಿದ್ದು. ಹುಳಿ ಹೊಗೆ ಎದ್ದು ಕಣ್ಣು ಉರಿದವು. ಮಗಳು ಜಗದೇವಿ ಕೇಳಿದಳು, "ಯವ್ವಾ, ಏನ ಸುಡಾಕತ್ತಿ?"

"ಹಳೇ ಅರಿವಿ. ಸುಮ್ನ ಹೋಗಿ ನೀರು ತಗೊಂಡು ಬಾ."

ಜಗದೇವಿಯ ಲಗ್ನದ ಮಾತು ನಡೆದಿತ್ತು. ನಾಲವಾರದ ಕಡೆಯವರು. ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು, ಬರುವ ಗುರುವಾರ ಸಕ್ಕರೆ ಹಂಚಿ ಲಗ್ನ ಪಕ್ಕಾ ಮಾಡುವುದಿತ್ತು. ತಂದೆಯಿಲ್ಲದ ಹುಡುಗಿ, ಇಪ್ಪತ್ತಮೂರು ದಾಟಿತ್ತು. ಇದಕ್ಕೂ ಮೊದಲು ಎರಡು ಸಂಬಂಧ ತಪ್ಪಿದ್ದವು. ಬಾನಾಮತಿಯ ಗಂಟು ತೂಗುವ ಮನೆ ಎಂಬ ಮಾತು ನಾಲವಾರ ಮುಟ್ಟಿದರೆ ಮೂರನೆಯದೂ ಹೋಗುತ್ತಿತ್ತು. ನಾಲ್ಕನೆಯದು ಬರುತ್ತಿರಲಿಲ್ಲ.

ಊರಬಾಗಿಲ ಅಗಸಿ ಕಟ್ಟೆಯ ಮುಂದೆ ಮಂದಿ ಕೂಡಿದರು. ಹಿರಿಯ ಶಿವರಾಯ ಕಾಕಾ ನಡುವೆ ಕೂತಿದ್ದ. ಗಂಟನ್ನು ಕಲ್ಲಿನ ಮೇಲೆ ಇಟ್ಟಿದ್ದರು, ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಸಾಬಮ್ಮ ಒಬ್ಬಳೇ ಅದರ ಬಾಜು ನಿಂತಿದ್ದಳು.

"ಇದು ನಿನ್ನದೇನು?" ಕಾಕಾ ಕೇಳಿದ.

"ನಂದೇ ರೀ ಕಾಕಾ. ಉಣ್ಣಿಗಿ ಕಟ್ಟಿದ್ದು. ನಿಂಗಣ್ಣನ ಹೇಣ್ತಿನೇ ಕರದಿದ್ಳು, ಕೇಳ್ರಿ."

ನಿಂಗಣ್ಣನ ಹೆಂಡತಿ ಸೆರಗು ಬಾಯಿಗೆ ಹಿಡಿದು ತಲೆ ಅಲ್ಲಾಡಿಸಿದಳು. ತಾನು ಕರೆದಿಲ್ಲ ಎಂದು. ಗಂಡ ಬಾಜು ನಿಂತಿದ್ದ.

"ಇರುವೀಲೇ ಉಣ್ಣಿ ಹೋಗ್ತಾವಂತ ನಿನಗ ಯಾರು ಹೇಳಿದ್ರು?"

"ಯಾರ ಹೇಳ್ತಾರ್ರೀ? ಕಾಗಿ ಮಾಡ್ತದ. ಖಣಿ ದಂಡಿಗಿ ಮಾವಿನ ಗಿಡದ ಕೆಳಗ ಬಂದು ಕುಂದ್ರಿ, ತೋರಸ್ತೀನಿ. ಇರುವಿ ಮ್ಯಾಲ ಮಕ್ಕೊಂಡು ಮೈ ಸ್ವಚ್ಛ ಮಾಡ್ಕೋತದ."

ಮಂದಿ ನಕ್ಕರು. ಹಿಂದಿನಿಂದ ಯಾರೋ, "ಸಾಕ್ಷಿ ಹೇಳಾಕ ಕಾಗಿನ್ನ ಕರಸ್ರಿ ಕಾಕಾ!" ಎಂದರು. ಇನ್ನೊಬ್ಬರು, "ಇಕಿ ಮುಂಜಾನೆದ್ದು ಗಿಡದ ಕೆಳಗ ಕುಂತು ಕಾಗಿ ಕೂಡ ಮಾತಾಡ್ತಾಳಂತ!" ಎಂದರು. ಆ ನಗೆ ಬಹಳ ಹೊತ್ತು ನಗೆಯಾಗಿ ಉಳಿಯಲಿಲ್ಲ.

"ನೀ ಬಿಟ್ಟು ಬ್ಯಾರೆ ಯಾರರ ನೋಡ್ಯಾರೇನು ಇದನ್ನ?" ಕಾಕಾ ಕೇಳಿದ.

ಸಾಬಮ್ಮ ತಲೆ ಎತ್ತಿ ಮಂದಿಯ ಮೇಲೆ ಕಣ್ಣಾಡಿಸಿದಳು. ಕಣ್ಣು ನನ್ನ ಮೇಲೆ ಬಂದು ನಿಂತಿತು. ನಿಂತು, ಮುಂದೆ ಹೋಯಿತು. "ಇಲ್ರಿ," ಅಂದಳು.

ಆದರೂ ಕಾಕಾ ತಾನಾಗಿಯೇ ನನ್ನ ಕಡೆ ತಿರುಗಿದ. "ಶರಣಮ್ಮ, ನೀ ಬಾಜು ಮನಿಯಾಕಿ. ಇಬ್ಬರೂ ಕೂಡೇ ಆಡು ಕಾಯ್ತೀರಿ. ನಿನಗೇನರ ಗೊತ್ತದೇನು? ಖರೇ ಹೇಳು."

"ಕೂಡಿ ಹೋಗ್ತೀವಿ ಖರೇ ರೀ ಕಾಕಾ. ನನ್ನ ಆಡು ನಾ ನೋಡ್ಕೋತೀನಿ. ಅಕಿ ಏನ್ ಮಾಡ್ತಾಳೋ ನನಗ ಗೊತ್ತಿಲ್ಲ."

"ಈ ಗಂಟು?"

"ಇವತ್ತೇ ನೋಡಾಕತ್ತೀನಿ."

ಇಷ್ಟೇ ಮಾತು. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ. ನಾನು ಹೌದು ನೋಡಿದ್ದೇನೆ ಎಂದಿದ್ದರೆ ಮಂದಿ ನಂಬುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಇಬ್ಬರು ಹೇಳಿದ ಮೇಲೆ ಕಾಕಾ ಒಂದು ಸಲ ಮಾವಿನಮರದ ತನಕ ಎದ್ದು ಹೋಗುತ್ತಿದ್ದನೇನೋ. ಬಿಸಿಲಿತ್ತು, ಕಾಗೆಗಳೂ ಬರುತ್ತಿದ್ದವೇನೋ. ಈ ಏನೋ ಏನೋ ಎಂಬುದನ್ನು ಹದಿಮೂರು ವರ್ಷ ಮಾಡಿದ್ದೇನೆ. ಅದರಿಂದ ಏನೂ ಆಗುವುದಿಲ್ಲ.

ನಾನು ಅಲ್ಲಿಂದ ಎದ್ದು ಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ನಿಂಗಣ್ಣ ಮತ್ತು ಇನ್ನಿಬ್ಬರು ಸಾಬಮ್ಮನನ್ನು ಆಕೆಯ ಅಂಗಳಕ್ಕೆ ತಂದರು. ಗೋಡೆಯ ಈಚೆ ನಾನು ಹಿಟ್ಟು ನಾದುತ್ತ ಕೂತೆ. ಹಲ್ಲು ಮುರಿದದ್ದು ಕಲ್ಲಿನಿಂದ. ನಮ್ಮೂರಲ್ಲಿ ಕಲ್ಲಿಗೇನೂ ಕೊರತೆಯಿಲ್ಲ. ಸಾಬಮ್ಮ ಕೂಗಲಿಲ್ಲ. ಕೂಗಿದ್ದರೆ ಕೇಳುತ್ತಿತ್ತು. ಆಡುಗಳು ಒದರಿದವು. ಕಾಕಾ ಹಿಂದಿನಿಂದ ಓಡಿ ಬಂದು, "ಬಿಡ್ರಲೇ, ಪೊಲೀಸ್ ಕೇಸ್ ಆಗ್ತದ, ಬಿಡ್ರಿ!" ಎಂದು ಬಿಡಿಸಿದ. ಬಿಡಿಸುವ ಹೊತ್ತಿಗೆ ಮುಂದಿನ ಮೂರು ಹಲ್ಲು ಹೋಗಿದ್ದವು. ಕೇಸು ಆಗಲಿಲ್ಲ. ಕೇಸಿಗೆ ನೋಡಿದವರು ಬೇಕು.

ಎಂಟು ದಿನ ಆಕೆಗೆ ಗಿರಣಿಯವನು ಜೋಳ ಬೀಸಿಕೊಡಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ಎಂಟನೆಯ ದಿನ ಚಿಮ್ಮನಚೋಡದಿಂದ ಅಣ್ಣ ಬಂದ. ಆಡುಗಳನ್ನು ಶಹಾಬಾದಿನ ವ್ಯಾಪಾರಿ ಒಂದೇ ಗಾಡಿಯಲ್ಲಿ ಹೇರಿಕೊಂಡು ಹೋದ. ಸಾಬಮ್ಮ ಒಂದು ಗಂಟು ಬಟ್ಟೆ, ಎರಡು ಕೊಡ ಹಿಡಿದು ಟೆಂಪೋ ಏರಿದಳು. ನಮ್ಮ ಬಾಗಿಲ ಮುಂದೆಯೇ ಹೋಯಿತು ಟೆಂಪೋ. ನಾನು ಬಾಗಿಲು ಎಳೆದುಕೊಂಡು ಒಳಗಿದ್ದೆ. ಆ ಮನೆಯಲ್ಲಿ ಈಗ ನಿಂಗಣ್ಣ ಹೊಟ್ಟು ತುಂಬಿದ್ದಾನೆ.

ಗುರುವಾರ ನಾಲವಾರದವರು ಬಂದಿದ್ದರು. "ನಿಮ್ಮ ಬಾಜು ಮನಿಯಾಗ ಏನೋ ಆಗ್ಯಾದಂತಲ್ಲ?" ಎಂದು ಕೇಳಿದರು. "ನಮಗೇನು ಸಂಬಂಧಿಲ್ರಿ," ಎಂದ ನನ್ನ ತಮ್ಮ. ಸಕ್ಕರೆ ಹಂಚಿದರು. ಲಗ್ನವಾಯಿತು. ಮೂರನೆಯ ವರ್ಷ ಅಳಿಯ ಇನ್ನೊಬ್ಬಳನ್ನು ಮನೆಗೆ ತಂದ. ಜಗದೇವಿ ಒಂದು ಟ್ರಂಕು ಹಿಡಿದು ವಾಡಿ ಸ್ಟೇಷನ್ನಿನಲ್ಲಿ ಇಳಿದಳು. ಮಕ್ಕಳಾಗಿರಲಿಲ್ಲ. ಈಗ ಕಲ್ಲು ಪಾಲಿಶ್ ಮಾಡುವಲ್ಲಿ ಕೂಲಿಗೆ ಹೋಗುತ್ತಾಳೆ, ನನ್ನ ಕೂಡ ಬಹಳ ಮಾತಾಡುವುದಿಲ್ಲ.

ಹೋದ ವರ್ಷ ಜಗದೇವಿಯ ಫೋನಿನಲ್ಲಿ ಆ ವಿಡಿಯೋ ಬಂತು. ಯಾವುದೋ ದೇಶದ ಕಾಗೆ, ಇರುವೆಯ ಗೂಡಿನ ಮೇಲೆ ರೆಕ್ಕೆ ಹರಡಿ ಬಿದ್ದಿದೆ. ಇರುವೆ ಉಗುಳುವ ಹುಳಿ ಪಕ್ಷಿಯ ಮೈಯ ಹೇನುಗಳನ್ನು ಓಡಿಸುತ್ತದಂತೆ ಎಂದು ಒಬ್ಬ ಗಂಡಸು ಕನ್ನಡದಲ್ಲೇ ಹೇಳುತ್ತಿದ್ದ. ಕಾಡಿನ ಮಂಗಗಳು, ಬೇರೆ ಬೇರೆ ಹಕ್ಕಿಗಳು ಹೀಗೇ ಹುಳಗಳನ್ನು ಮೈಗೆ ತಿಕ್ಕಿಕೊಳ್ಳುತ್ತವೆ ಎಂದೂ ಹೇಳಿದ. ಕಟ್ಟೆಯ ಮೇಲೆ ಕೂತವರೆಲ್ಲ ಫೋನು ಕೈಯಿಂದ ಕೈಗೆ ದಾಟಿಸಿ ನೋಡಿದರು. ನಿಂಗಣ್ಣ ಎರಡು ಸಲ ನೋಡಿದ. "ಎಂಥಾ ಶಾಣ್ಯಾ ಕಾಗಿ ನೋಡು! ದೇವರು ಪಕ್ಷಿಗಿ ಎಂಥಾ ಬುದ್ಧಿ ಕೊಟ್ಟಾನ!" ಅಂದ. ಯಾರಾದರೂ ಸಾಬಮ್ಮನ ಹೆಸರು ತೆಗೆಯುತ್ತಾರೇನೋ ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಯಾರೂ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಮರುದಿನ ವಾಡಿಯಲ್ಲಿ ರೈಲು ಹತ್ತಿ ಸೇಡಮ್ಮಿನಲ್ಲಿ ಇಳಿದೆ. ಅಲ್ಲಿಂದ ಬಸ್ಸಿಗೆ ಚಿಂಚೋಳಿ, ಅಲ್ಲಿಂದ ಇನ್ನೊಂದು ಬಸ್ಸು. ಯಾಕೆ ಹೊರಟೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆಕೆಗೆ ಹೇಳಬೇಕು ಅನಿಸಿತು, ಅಷ್ಟೇ. ಈಗ ಸಾಬಮ್ಮ ಇಲ್ಲ. ನಾನು ಹೋಗಿ ಬಂದ ಐದು ತಿಂಗಳಿಗೆ ತೀರಿಕೊಂಡಳು ಎಂದು ಕೇಳಿದ್ದೇನೆ. ಮಣ್ಣಿಗೆ ನನ್ನನ್ನು ಯಾರೂ ಕರೆಯಲಿಲ್ಲ, ಕರೆಯುವ ಕಾರಣವೂ ಇರಲಿಲ್ಲ.

ಅವತ್ತು ಚಿಮ್ಮನಚೋಡದಲ್ಲಿ ಆಕೆ ಅಣ್ಣನ ಮನೆಯ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೈ ಅರ್ಧಕ್ಕೆ ಇಳಿದಿತ್ತು. ನನ್ನನ್ನು ನೋಡಿ ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಕೈ ತೆಗೆದಳು.

"ಶರಣಿ. ಕುಂದ್ರು. ಬಿಸಲಾಗ ಬಂದಿ."

ಅಣ್ಣನ ಸೊಸೆ ನೀರು ತಂದುಕೊಟ್ಟು ಒಳಗೆ ಹೋದಳು. ನಾನು ಫೋನಿನ ಸುದ್ದಿ ಹೇಳಿದೆ. ಕಾಗೆ, ಇರುವೆ, ಹುಳಿ, ಎಲ್ಲ. ಊರೆಲ್ಲ ನೋಡಿತು ಎಂದೆ. ನೀನು ಹೇಳಿದ್ದು ಖರೇ ಎಂದಾಯಿತು ಅಕ್ಕಾ ಎಂದೆ. ಆಕೆ ತೊಗರಿಯೊಳಗಿನ ಕಲ್ಲು ಆರಿಸುತ್ತ ಕೇಳಿದಳು.

"ಫೋನಿನ್ಯಾಗ ಬಂದ ಮ್ಯಾಲ ಖರೇ ಆತೇನು? ಖರೇ ಅದ ಅಂತ ನನಗ ಮೊದಲೇ ಗೊತ್ತಿತ್ತು. ನಿನಗೂ ಗೊತ್ತಿತ್ತು."

"ಹೂಂ ಅಕ್ಕಾ."

"ಊರಾಗ ಹೇಳಿದೇನು, ನಿನ್ನ ಕೊಟ್ಟಿಗ್ಯಾಗೂ ಅಂಥಾದೇ ಗಂಟು ಇತ್ತಂತ?"

"ಇಲ್ಲ."

"ಈಗರ ಹೇಳ್ತಿಯೇನು?"

ನಾನು ಮೊರಕ್ಕೆ ಕೈ ಹಾಕಿ ಒಂದು ಕಲ್ಲು ಆರಿಸಿದೆ. ಆಕೆ ಮೊರ ಒಮ್ಮೆ ಕೇರಿದಳು.

"ಬ್ಯಾಡ ಬಿಡು. ನಿನ್ನಿಂದ ಆಗಂಗಿಲ್ಲ. ನಾ ಸುಮ್ನ ಕೇಳಿದೆ."

ಆಗ ನಾನು ಹನ್ನೆರಡು ವರ್ಷದಿಂದ ಗಂಟಲಲ್ಲಿದ್ದುದನ್ನು ಕೇಳಿದೆ. "ಅವತ್ತು ಕಾಕಾ ಕೇಳಿದಾಗ ನೀ ಯಾಕ ನನ್ನ ಹೆಸರು ಹೇಳಲಿಲ್ಲ? ನನ್ನ ಮಾರಿ ನೋಡಿದಿ. ಇಕಿ ಮನ್ಯಾಗೂ ಅದ ಅಂದಿದ್ರ ಸಾಕಿತ್ತು."

"ಅಂದಿದ್ರ ನಿನ್ನ ಹಲ್ಲೂ ಹೋಗ್ತಿದ್ವು. ಬಾಜು ಬಾಜು ಮನ್ಯಾಗ ಇಬ್ಬರು ಬೊಚ್ಚಬಾಯಿಯವರು ಕುಂತು ಏನ್ ಮಾಡೋದಿತ್ತು, ರೊಟ್ಟಿ ತೊಯಿಸಿ ತಿನ್ನೋದಿತ್ತೇನು?" ತಾನು ಹೇಳಿದ್ದಕ್ಕೆ ತಾನೇ ನಕ್ಕಳು. ಸಾಬಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಮೊರ ಕೆಳಗಿಟ್ಟಳು. "ನಿನ್ನ ಮಗಳ ಮಾತು ನಡದಿತ್ತಲ್ಲ ಶರಣಿ. ಗೋಡಿ ಆ ಕಡಿಂದ ಎಲ್ಲಾ ಕೇಳಸ್ತಿತ್ತು ನನಗ. ಎರಡು ತಪ್ಪಿದ್ವು, ನೀ ಅಡಿಗಿ ಮನ್ಯಾಗ ಕುಂತು ಅತ್ತದ್ದೂ ಕೇಳಸ್ತಿತ್ತು. ನನಗರ ಹಿಂದ ಮುಂದ ಯಾರೂ ಇದ್ದಿಲ್ಲ. ಆ ಹುಡುಗೀದು ಯಾಕ ಕೆಡಬೇಕು ಅಂತ ಬಿಟ್ಟೆ."

ಒಳಗಿಂದ ಸೊಸೆ ಚಹಾ ತಂದಳು. ಕಪ್ಪು ನನ್ನ ಕೈಯಲ್ಲಿ ಸುಡುತ್ತಿತ್ತು, ಕೆಳಗಿಡಲಿಲ್ಲ.

"ಹೆಂಗ ಅದಾಳ ಜಗದೇವಿ?" ಸಾಬಮ್ಮ ಕೇಳಿದಳು.

"ಚಲೋ ಅದಾಳ."

"ಗಂಡ ಚಲೋ ನೋಡ್ಕೋತಾನೇನು?"

"ಭಾಳ ಚಲೋ ನೋಡ್ಕೋತಾನ."

"ಮಕ್ಕಳು?"

"ಇಬ್ಬರು. ಒಂದು ಗಂಡು, ಒಂದು ಹೆಣ್ಣು. ಸಾಲಿಗಿ ಹೋಗ್ತಾವ."

ಸಾಬಮ್ಮ ಬಹಳ ಹೊತ್ತು ನನ್ನ ಮುಖ ನೋಡಿದಳು. ಕಾಗೆಯನ್ನು, ಇರುವೆಯನ್ನು ತಾಸುಗಟ್ಟಲೆ ನೋಡಿ ಒಳಗಿನದನ್ನು ತಿಳಿಯುತ್ತಿದ್ದ ಹೆಂಗಸು. ಆ ಕಣ್ಣಿಗೆ ಏನು ಕಂಡಿತೋ ನಾನು ಹೇಳಲಾರೆ. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ಹಂಗಾದ್ರ ಚಲೋ ಆತು," ಅಂದಳು. "ಚಹಾ ಕುಡಿ. ಚಿಂಚೋಳಿಗಿ ಕಡೀ ಬಸ್ಸು ಈಗ ಬರ್ತದ."